ಕೌಬಾಯ್ ಬೀಬಾಪ್‌ನಿಂದ ಸಂಗೀತವನ್ನು ತೆಗೆದರೆ ಉಳಿಯುವುದೇನು?

ನೀವು ಕೌಬಾಯ್ ಬೀಬಾಪ್ ಎಂಬ ಜಪಾನಿ ಅನಿಮೇಷನ್ ಸರಣಿಯ 26 ಸಂಚಿಕೆಗಳನ್ನೂ ನೋಡಿ ಮುಗಿಸಿದ್ದೀರಿ, ಸರಣಿ ನಿಮಗೆ ಹಿಡಿಸಿದೆ, ಆದರೆ ಅಭಿಮಾನಿಗಳು ಬಾಯಿ ತೆರೆದರೆ ಅದರ ಸಂಗೀತವನ್ನೇ ಏಕೆ ಕೊಂಡಾಡುತ್ತಾರೆಂದು ಅರ್ಥವಾಗುತ್ತಿಲ್ಲ ಎಂದಿದ್ದೀರಿ. ಸಂಗೀತವನ್ನು ತೆಗೆದರೆ ಇದರಲ್ಲಿ ಉಳಿಯುವುದೇನು, ಈ ಹೊಗಳಿಕೆಯಲ್ಲಿ ಅರ್ಧದಷ್ಟು ಹಳೆಯ ನೆನಪಿನ ಮೋಹವಲ್ಲವೇ ಎಂದೂ ಕೇಳಿದ್ದೀರಿ. ಜೊತೆಗೆ, ಸಂಚಿಕೆಯ ಕೊನೆಗೆ ಬರುವ ಹಾಡನ್ನು ಪ್ರತಿಸಲವೂ ಕೇಳದೆ ಮುಂದಕ್ಕೆ ಹೋದೆ ಎಂಬ ಮಾತನ್ನು ನಡುವೆ ಹೇಳಿಬಿಟ್ಟಿದ್ದೀರಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಮಾತಿನಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಸಂಗೀತವಿಲ್ಲದ ಬೀಬಾಪ್ ಹೇಗಿರುತ್ತದೆ ಎಂಬುದನ್ನು ನಾನು ಊಹಿಸಬೇಕಾಗಿಲ್ಲ, ಏಕೆಂದರೆ ಮೊದಲ ಸಲ ಅದನ್ನು ಹೆಚ್ಚುಕಡಿಮೆ ಹಾಗೆಯೇ ನೋಡಿದ್ದೇನೆ. ಹಾಸ್ಟೆಲ್‌ನಲ್ಲಿದ್ದಾಗ ಗೆಳೆಯನ ಲ್ಯಾಪ್‌ಟಾಪನ್ನು ರಾತ್ರಿ ಹೊತ್ತು ಎರವಲು ಪಡೆದು, ಕೋಣೆಯಲ್ಲಿ ಮಲಗಿದ್ದವರಿಗೆ ತೊಂದರೆಯಾಗದಿರಲೆಂದು ಧ್ವನಿಯನ್ನು ಪೂರ್ತಿ ಮುಚ್ಚಿ, ಸಬ್‌ಟೈಟಲ್ ಓದಿಕೊಂಡು ಎಂಟು ಹತ್ತು ಸಂಚಿಕೆಗಳನ್ನು ನೋಡಿದೆ. ಕಥೆ ಚೆನ್ನಾಗಿ ತಿಳಿಯಿತು. ಜಗಳ, ಓಟ, ನೌಕೆಗಳ ಹಾರಾಟ ಎಲ್ಲವೂ ಸೊಗಸಾಗಿದ್ದವು. ಆದರೆ ಈ ಜನರೆಲ್ಲ ಏಕೆ ಇಷ್ಟು ಹೊತ್ತು ಸುಮ್ಮನೆ ಕುಳಿತಿರುತ್ತಾರೆ, ಏಕೆ ಕಿಟಕಿಯಾಚೆ ನೋಡುತ್ತ ಸಿಗರೇಟು ಸೇದುತ್ತಾರೆ, ಏನನ್ನೂ ಏಕೆ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಮಾತ್ರ ತಿಳಿಯಲಿಲ್ಲ. ಮುಂದೆ ಹೆಡ್‌ಫೋನ್ ಕೊಂಡು ಮತ್ತೆ ಮೊದಲಿನಿಂದ ನೋಡಿದಾಗಲೇ ಗೊತ್ತಾಯಿತು, ಅವರು ಸುಮ್ಮನಿರಲಿಲ್ಲ ಎಂದು. ಈ ಸರಣಿಯ ಪಾತ್ರಗಳು ತಮ್ಮ ಹಳೆಯ ಬದುಕಿನ ಬಗ್ಗೆ ಮಾತನಾಡಲು ಒಪ್ಪುವುದಿಲ್ಲ. ಅವರು ಆಡದೆ ಬಿಟ್ಟ ಮಾತುಗಳನ್ನೆಲ್ಲ ಆಡುವುದು ಸಂಗೀತ. ಹಾಗಾಗಿ ಸಂಗೀತವನ್ನು ತೆಗೆದರೆ ಕಥೆ ಉಳಿಯುತ್ತದೆ, ಮನುಷ್ಯರು ಅರ್ಧವೇ ಉಳಿಯುತ್ತಾರೆ.

ಇದು ಆಕಸ್ಮಿಕವಾಗಿ ಆದದ್ದಲ್ಲ, ಸರಣಿಯನ್ನು ಕಟ್ಟಿದ ರೀತಿಯೇ ಹಾಗಿತ್ತು. ನಿರ್ದೇಶಕ ಶಿನಿಚಿರೊ ವಾತಾನಾಬೆ, ಲೇಖಕಿ ಕೈಕೊ ನೊಬುಮೊತೊ ಮತ್ತು ಸಂಗೀತ ಸಂಯೋಜಕಿ ಯೋಕೊ ಕನ್ನೊ ಈ ಮೂವರೂ 1994ರ ಮ್ಯಾಕ್ರಾಸ್ ಪ್ಲಸ್ ಎಂಬ ಅನಿಮೇಷನ್‌ನಲ್ಲಿ ಒಟ್ಟಿಗೆ ದುಡಿದಿದ್ದವರು. ಸನ್‌ರೈಸ್ ಸ್ಟುಡಿಯೋದಲ್ಲಿ ಬೀಬಾಪ್ ತಯಾರಾಗುವಾಗ ಕನ್ನೊ ಅವರು ನಿರ್ದೇಶಕರ ಪಟ್ಟಿಯನ್ನು ಹಿಡಿದು ಒಂದೊಂದಾಗಿ ತುಂಬಿಕೊಡುತ್ತಿರಲಿಲ್ಲ. ಯಾರೂ ಕೇಳದ ತುಣುಕುಗಳನ್ನೂ ತಮ್ಮ ಪಾಡಿಗೆ ಬರೆದು ತಂದೊಪ್ಪಿಸುತ್ತಿದ್ದರು, ಅವುಗಳನ್ನು ಕೇಳಿ ವಾತಾನಾಬೆ ಹೊಸ ದೃಶ್ಯಗಳನ್ನೇ ಹುಟ್ಟಿಸುತ್ತಿದ್ದರು. ಇದನ್ನು ವಾತಾನಾಬೆ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಮ್ಮಲ್ಲಿ ಹಿನ್ನೆಲೆ ಸಂಗೀತವೆಂದರೆ ಚಿತ್ರ ಸಿದ್ಧವಾದ ಮೇಲೆ ಅದರ ಅಳತೆಗೆ ಹೊಲಿದ ಅಂಗಿ ಎಂಬ ಭಾವನೆ ಇದೆ. ಇಲ್ಲಿ ಎಷ್ಟೋ ಕಡೆ ಬಟ್ಟೆ ಮೊದಲು ಬಂದಿತು, ಅದಕ್ಕೆ ತಕ್ಕ ಮೈ ಆಮೇಲೆ ಬಂದಿತು. ಸಂಚಿಕೆಗಳನ್ನು ಸಂಚಿಕೆ ಎನ್ನದೆ, ಸಂಗೀತಗಾರರು ಕೂಡಿ ನುಡಿಸುವ ಕೂಟಕ್ಕೆ ಹೇಳುವಂತೆ ‘ಸೆಷನ್’ ಎಂದು ಕರೆದದ್ದೂ ಇದಕ್ಕೆ ಸರಿಯಾಗಿಯೇ ಇದೆ.

‘ಕನ್ನೊ ಅವರದು ಸ್ವಂತ ಧ್ವನಿಯಲ್ಲ, ಜಾಜ್, ಬ್ಲೂಸ್, ಕಂಟ್ರಿ, ಒಪೆರಾ, ಹೆವಿ ಮೆಟಲ್ ಎಂದು ಸಿಕ್ಕಿದ್ದೆಲ್ಲವನ್ನೂ ಅನುಕರಿಸಿದ್ದಾರೆ’ ಎಂಬ ಆಕ್ಷೇಪವನ್ನು ನೀವೂ ಓದಿರಬಹುದು. ಅನುಕರಣೆ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈ ಕಥೆ ನಡೆಯುವ ಜಗತ್ತನ್ನು ಒಮ್ಮೆ ನೆನಪಿಸಿಕೊಳ್ಳಿ. ಕಥೆಯ ಕಾಲಕ್ಕೆ ಸುಮಾರು ಐವತ್ತು ವರ್ಷ ಮೊದಲು, ಗ್ರಹಗಳ ನಡುವಿನ ಪಯಣಕ್ಕೆಂದು ಕಟ್ಟಿದ ಬಾಹ್ಯಾಕಾಶದ ಹೆಬ್ಬಾಗಿಲೊಂದು ಸಿಡಿದು ಚಂದ್ರ ಒಡೆದಿದೆ, ಅದರ ಚೂರುಗಳು ಭೂಮಿಯ ಮೇಲೆ ಇನ್ನೂ ಬೀಳುತ್ತಲೇ ಇವೆ, ಬದುಕಿ ಉಳಿದವರು ಮಂಗಳ, ಶುಕ್ರ, ಗುರುವಿನ ಚಂದ್ರರಾದ ಗ್ಯಾನಿಮೀಡ್, ಕ್ಯಾಲಿಸ್ಟೊ ಎಂದು ಚದುರಿಹೋಗಿದ್ದಾರೆ. 2071ರ ಹೊತ್ತಿಗೆ ಅವರ ಬಳಿ ಇರುವುದೆಲ್ಲ ಭೂಮಿಯಿಂದ ಹೊತ್ತು ತಂದ ಚಿಲ್ಲರೆ ಸಾಮಾನು. ತಲೆಗೆ ಬಹುಮಾನವಿರುವ ಅಪರಾಧಿಗಳನ್ನು ಹಿಡಿದು ಬದುಕುವ ನಾಯಕರು ವಾಸಿಸುವ ಬೀಬಾಪ್ ನೌಕೆಯೇ ಹಳೆಯ ಮೀನುಗಾರಿಕೆ ಹಡಗು. ಇಂಥ ಕಡೆ ಮುಂದಿನ ಶತಮಾನದ ಹೊಳೆಯುವ ಎಲೆಕ್ಟ್ರಾನಿಕ್ ಸಂಗೀತವನ್ನೇ ಉದ್ದಕ್ಕೂ ಇಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಮೊದಲ ಸಂಚಿಕೆಯಲ್ಲಿ ಟಿಹುವಾನಾ ಎಂಬ ಕ್ಷುದ್ರಗ್ರಹದ ಧೂಳಿನ ಬೀದಿಯ ಮೇಲೆ ಹಾರ್ಮೋನಿಕಾ ನುಡಿಯುವಾಗ, ಊರು ಕಳೆದುಕೊಂಡವರು ಊರಿನ ರಾಗವೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ ಎಂದು ನನಗೆ ಕೇಳಿಸುತ್ತದೆ.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಐದನೆಯ ಸಂಚಿಕೆಯಲ್ಲಿ ನಾಯಕ ಸ್ಪೈಕ್ ಇಗರ್ಜಿಯೊಳಗೆ ತನ್ನ ಹಳೆಯ ಎದುರಾಳಿ ವಿಷಸ್‌ನನ್ನು ಎದುರಿಸುತ್ತಾನೆ. ಅಲ್ಲಿಗೆ ಅವನು ನಡೆದು ಬರುವಾಗ ಆರ್ಗನ್‌ನೊಂದಿಗೆ ‘ರೇನ್’ ಎಂಬ ಹಾಡು ಬರುತ್ತದೆ. ಸಂಚಿಕೆಯಲ್ಲಿ ಅದನ್ನು ಹಾಡಿದವರು ಮಾಯ್ ಯಮಾನೆ, ಆಲ್ಬಂನಲ್ಲಿರುವುದು ಸ್ಟೀವ್ ಕಾಂಟೆ ಅವರ ಧ್ವನಿ. ಯಾವುದು ಮೇಲು ಎಂಬ ವಾದ ಅಭಿಮಾನಿಗಳ ನಡುವೆ ಇಂದಿಗೂ ನಿಂತಿಲ್ಲ, ನಾನು ಯಮಾನೆ ಅವರ ಪಕ್ಷ. ಗುಂಡಿನ ಸದ್ದು, ಕತ್ತಿಯ ಸದ್ದು ಮುಗಿದ ಮೇಲೆ ವಿಷಸ್ ಅವನನ್ನು ಬಣ್ಣದ ಗಾಜಿನ ದೊಡ್ಡ ಕಿಟಕಿಯಿಂದ ಹೊರಕ್ಕೆ ಎಸೆಯುತ್ತಾನೆ. ಆಗ ಎಲ್ಲ ಸದ್ದೂ ಹಿಂದೆ ಸರಿದು, ಪಿಯಾನೊದೊಂದಿಗೆ ಮಕ್ಕಳ ಮೇಳದಂತಹ ಧ್ವನಿಗಳು ಯಾವ ಭಾಷೆಯದೆಂದು ಹಿಡಿಯಲಾಗದ ಪದಗಳಲ್ಲಿ ಹಾಡತೊಡಗುತ್ತವೆ. ಸ್ಪೈಕ್ ಗಾಜಿನ ಚೂರುಗಳ ನಡುವೆ ನಿಧಾನವಾಗಿ ಬೀಳುತ್ತಾನೆ, ಅವನ ಹಳೆಯ ಬದುಕು ತುಂಡುತುಂಡಾಗಿ ಕಣ್ಣ ಮುಂದೆ ಹಾಯುತ್ತದೆ. ಒಬ್ಬ ಗಾಯಾಳು ಎಚ್ಚರಗೊಳ್ಳುವಾಗ ಪಕ್ಕದಲ್ಲಿ ಹೆಂಗಸೊಬ್ಬಳು ಮೆಲ್ಲಗೆ ಗುನುಗುತ್ತಿರುವ ಚಿತ್ರ ಅದರಲ್ಲಿ ಸೇರಿದೆ. ಆಕೆ ಜೂಲಿಯಾ, ಅವನು ಹಿಂದೆ ಪ್ರೀತಿಸಿದವಳು. ದೃಶ್ಯ ಮುಗಿದು ಅವನು ಬೀಬಾಪ್‌ನಲ್ಲಿ ಮೈತುಂಬ ಬ್ಯಾಂಡೇಜ್ ಸುತ್ತಿಕೊಂಡು ಕಣ್ಣು ತೆರೆದಾಗಲೂ ಒಬ್ಬಳು ಗುನುಗುತ್ತಿದ್ದಾಳೆ, ಆದರೆ ಅವಳು ನೌಕೆಯ ಜೊತೆಗಾತಿ ಫೇ. ಅವನು ಬೆರಳಾಡಿಸಿ ಅವಳನ್ನು ಹತ್ತಿರ ಕರೆಯುತ್ತಾನೆ, ಅವಳು ಕಿವಿಯೊಡ್ಡುತ್ತಾಳೆ, ನಿನ್ನ ಶ್ರುತಿ ತಪ್ಪಿದೆ ಎನ್ನುತ್ತಾನೆ. ಅವಳು ದಿಂಬಿನಿಂದ ಬಾರಿಸುತ್ತಾಳೆ.

ಧ್ವನಿ ಮುಚ್ಚಿ ನೋಡಿದಾಗ ನನಗದು ಬರಿಯ ತಮಾಷೆಯಾಗಿತ್ತು. ಕಿವಿಯಿಂದ ಕೇಳಿದ ಮೇಲೆ, ಅವನು ಹೋಲಿಸುತ್ತಿರುವುದು ಯಾವ ಗುನುಗಿಗೆ, ಶ್ರುತಿ ತಪ್ಪಿದ್ದು ನಿಜವಾಗಿ ಯಾವುದರದು ಎಂದು ಹೊಳೆದು ಆ ರಾತ್ರಿ ಮುಂದಿನ ಸಂಚಿಕೆಯನ್ನು ಹಾಕಲಾಗಲಿಲ್ಲ. ಅವನು ಜೂಲಿಯಾಳ ಹೆಸರನ್ನು ಆ ಹೊತ್ತಿನಲ್ಲಿ ಎತ್ತುವುದೇ ಇಲ್ಲ.

ನೀವು ಕೇಳದೆ ದಾಟಿಹೋದ ಕೊನೆಯ ಹಾಡಿನ ವಿಷಯಕ್ಕೆ ಬರುತ್ತೇನೆ. ಸರಣಿಯ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಆರಂಭದ ‘ಟ್ಯಾಂಕ್!’. ಕಹಳೆಗಳ ಅಬ್ಬರ, ಬಾಂಗೊ, ಕೊನೆಗೆ ಕಟ್ಟು ಮುರಿದಂತೆ ನುಗ್ಗುವ ಸ್ಯಾಕ್ಸೊಫೋನ್. ಸೀಟ್‌ಬೆಲ್ಟ್ಸ್ ಎಂಬ ಕನ್ನೊ ಅವರ ತಂಡ ಅದನ್ನು ನುಡಿಸಿದ ಹುರುಪಿಗೆ ಎಣೆಯಿಲ್ಲ. ಆದರೆ ಅದು ಈ ಜನ ಹೊರಗೆ ತೋರಿಸುವ ಮುಖ. ಒಳಗಿನದು ಯಮಾನೆ ಅವರು ತಮ್ಮ ದಪ್ಪ, ಸ್ವಲ್ಪ ಒಡೆದ ಧ್ವನಿಯಲ್ಲಿ ಹಾಡುವ ಮುಕ್ತಾಯದ ‘ದಿ ರಿಯಲ್ ಫೋಕ್ ಬ್ಲೂಸ್’. ಪ್ರತಿ ಸಂಚಿಕೆಯೂ ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯುವ ಒಂದು ಪಯಣವಾಗಿರುವುದರಿಂದ, ಕೊನೆಯ ಹಾಡನ್ನು ಬಿಟ್ಟವರಿಗೆ ಆ ಇಳಿತ ಸಿಗುವುದಿಲ್ಲ. ಎರಡೇ ಎರಡು ಸಂಚಿಕೆಗಳಲ್ಲಿ ಈ ಹಾಡಿನ ಬದಲು ಬೇರೊಂದು ಬರುತ್ತದೆ. ದಿನವೂ ಕೇಳಿ ರೂಢಿಯಾದ ಕಿವಿಗೆ ಮಾತ್ರ ಆ ಬದಲಾವಣೆ ತಟ್ಟುತ್ತದೆ.

ಅವುಗಳಲ್ಲಿ ಮೊದಲನೆಯದು ಹದಿಮೂರನೆಯ ಸಂಚಿಕೆ. ಶನಿಯ ಚಂದ್ರ ಟೈಟನ್‌ನ ಯುದ್ಧದಲ್ಲಿ ಹೋರಾಡಿ ಬಂದ, ಕ್ಯಾಲಿಸ್ಟೊದ ಚಳಿಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತ ಬದುಕಿದ್ದ ಗ್ರೆನ್, ಸಾಯುವ ಹೊತ್ತಿನಲ್ಲಿ ತನ್ನನ್ನು ಮತ್ತೆ ಟೈಟನ್ ಕಡೆಗೆ ಕಳುಹಿಸಲು ಕೇಳುತ್ತಾನೆ. ಸ್ಪೈಕ್ ಅವನ ನೌಕೆಯನ್ನು ಎಳೆದೊಯ್ದು ಕತ್ತಲಿಗೆ ಬಿಟ್ಟುಕೊಡುತ್ತಾನೆ. ಅಲ್ಲಿಂದ ‘ಸ್ಪೇಸ್ ಲಯನ್’ ಆರಂಭವಾಗುತ್ತದೆ. ಆಲ್ಬಂನಲ್ಲಿ ಅದು ಏಳು ನಿಮಿಷಕ್ಕೂ ಮಿಕ್ಕಿದ ರಚನೆ. ಬಹಳ ಹೊತ್ತು ಒಂಟಿ ಸ್ಯಾಕ್ಸೊಫೋನ್ ಮಾತ್ರ, ಅವಸರವಿಲ್ಲದೆ, ತಾಳದ ಹಂಗಿಲ್ಲದ ಆಲಾಪದ ಹಾಗೆ. ಆಮೇಲೆ ತಳದಿಂದ ಚರ್ಮವಾದ್ಯಗಳೂ ಕೊರಳುಗಳೂ ಏಳುತ್ತವೆ, ಒಬ್ಬನ ಅಳು ಒಂದು ಊರಿನ ಹಾಡಾಗಿಬಿಡುತ್ತದೆ. ಗ್ರೆನ್ ಬದುಕಿದ್ದಾಗ ಅವನ ವಾದ್ಯವೇ ಅವನ ಮಾತಾಗಿತ್ತು. ಸತ್ತವನಿಗೆ ಯಾರೂ ಚರಮವಾಕ್ಯ ಹೇಳುವುದಿಲ್ಲ, ಅವನ ವಾದ್ಯವೇ ಹೇಳುತ್ತದೆ.

ಇಪ್ಪತ್ತನಾಲ್ಕನೆಯ ಸಂಚಿಕೆಯಂತೂ ನನ್ನ ಪಾಲಿಗೆ ಸರಣಿಯ ಎದೆ. ನೆನಪು ಮರಳಿದ ಫೇ ಭೂಮಿಯಲ್ಲಿ ತನ್ನ ಮನೆಯಿದ್ದ ಜಾಗಕ್ಕೆ ಓಡುತ್ತಾಳೆ. ಅಲ್ಲಿ ಉಳಿದಿರುವುದು ಪಾಳು. ಅವಳು ಕೋಲಿನಿಂದ ಮಣ್ಣಿನ ಮೇಲೆ ಒಂದು ಚೌಕ ಗೀರಿ, ತನ್ನ ಹಾಸಿಗೆ ಇದ್ದಲ್ಲಿ ಮಲಗಿಕೊಳ್ಳುತ್ತಾಳೆ. ಅತ್ತ ನೌಕೆಯ ಪುಟ್ಟ ಹುಡುಗಿ ಎಡ್ ತಂದೆಯನ್ನು ಹುಡುಕಿ ಹೊರಟುಬಿಟ್ಟಿದ್ದಾಳೆ, ನಾಯಿ ಐನ್ ಅವಳ ಹಿಂದೆ ಹೋಗಿದೆ. ನೌಕೆಯಲ್ಲಿ ಸ್ಪೈಕ್‌ನ ಜೊತೆಗಾರ ಜೆಟ್ ಎಲ್ಲರ ಪಾಲೂ ಸೇರಿಸಿ ಮೊಟ್ಟೆ ಬೇಯಿಸಿಟ್ಟಿದ್ದಾನೆ. ತಿನ್ನುವವರು ಬರುವುದಿಲ್ಲ ಎಂದು ತಿಳಿದ ಮೇಲೆ ಸ್ಪೈಕ್ ಮತ್ತು ಜೆಟ್ ಎದುರುಬದುರು ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ಒಂದರ ಮೇಲೊಂದು ಮೊಟ್ಟೆಯನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಒಂದು ಮಾತೂ ಇಲ್ಲ. ಆಗ ಕಾಂಟೆ ಅವರು ಹಾಡಿದ ‘ಕಾಲ್ ಮಿ ಕಾಲ್ ಮಿ’ ಕೇಳುತ್ತಿರುತ್ತದೆ. ಹೋಗಬೇಡಿ ಎಂದು ಆ ಇಬ್ಬರೂ ಯಾರಿಗೂ ಹೇಳಿದವರಲ್ಲ, ಹೇಳುವವರೂ ಅಲ್ಲ. ಕರೆಯುವ ಕೆಲಸವನ್ನು ಆ ಹಾಡು ಅವರ ಪರವಾಗಿ ಮಾಡುತ್ತದೆ. ನಮ್ಮ ಚಿತ್ರಗಳಲ್ಲಿ ಹಾಡು ಬಂದಾಗ ಪಾತ್ರಗಳು ತುಟಿಯಾಡಿಸಿ ತಮ್ಮ ಮನಸ್ಸನ್ನು ತಾವೇ ಹಾಡುತ್ತಾರೆ, ಆ ಸೊಗಸೇ ಬೇರೆ. ಇಲ್ಲಿ ತುಟಿಗಳು ಮೊಟ್ಟೆ ಅಗಿಯುವುದರಲ್ಲಿ ತೊಡಗಿವೆ.

ಅಭಿಮಾನಿಗಳು ಎಲ್ಲ ವಿಷಯದಲ್ಲೂ ಒಮ್ಮತದಲ್ಲಿದ್ದಾರೆ ಎಂದುಕೊಳ್ಳಬೇಡಿ. ಜಪಾನಿ ಧ್ವನಿಯೋ ಇಂಗ್ಲಿಷ್ ಡಬ್ಬಿಂಗೋ ಎಂಬ ಜಗಳ ಹಳೆಯದು. ಎರಡರಲ್ಲೂ ಹಾಡುಗಳು ಅವೇ ಆದ್ದರಿಂದ ನಿಮ್ಮ ಪ್ರಶ್ನೆಗೆ ಅದು ಮುಖ್ಯವಲ್ಲ. ಅದಕ್ಕಿಂತ ಗಂಭೀರವಾದದ್ದು ವಿಷಸ್‌ನ ಕುರಿತ ಆಕ್ಷೇಪ. ಮುಖ್ಯ ಎದುರಾಳಿಯಾದ ಅವನು ಕಾಣಿಸಿಕೊಳ್ಳುವುದೇ ಕೆಲವು ಸಂಚಿಕೆಗಳಲ್ಲಿ, ಬಂದಾಗಲೂ ಎರಡು ಕಠಿಣ ಮಾತು ಆಡಿ ಕತ್ತಿ ಹಿಡಿಯುತ್ತಾನೆ. ಅವನಿಗೆ ಒಳಗು ಎಂಬುದೇ ಇಲ್ಲ ಎನ್ನುವವರಿದ್ದಾರೆ. ಅವರ ಮಾತು ಸರಿ. ಬರವಣಿಗೆಯಲ್ಲಿ ಅವನು ತೆಳುವಾಗಿಯೇ ಇದ್ದಾನೆ, ಅವನಿಗೆ ತೂಕ ಬಂದಿರುವುದು ಸುತ್ತಲಿನ ಆರ್ಗನ್ ಮತ್ತು ಮೇಳಗಾನದಿಂದ. ಇದು ಸಂಗೀತದ ಹಿರಿಮೆಯೂ ಹೌದು, ಸರಣಿಯ ಕೊರತೆಯೂ ಹೌದು, ಮತ್ತು ಈ ಒಂದು ಕಡೆ ನಿಮ್ಮ ಅನುಮಾನಕ್ಕೆ ಆಧಾರವಿದೆ ಎಂದು ಒಪ್ಪುತ್ತೇನೆ.

ಆದರೆ ಎಲ್ಲವೂ ಸಂಗೀತದ ಪುಣ್ಯವೇ ಎನ್ನುವವರಿಗೆ 2021ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಹೊರತಂದ, ನಟರನ್ನಿಟ್ಟು ತೆಗೆದ ಸರಣಿಯೇ ಉತ್ತರ. ಅದಕ್ಕೂ ಕನ್ನೊ ಅವರೇ ಸಂಗೀತ ನೀಡಿದರು, ‘ಟ್ಯಾಂಕ್!’ ಕೂಡ ಇತ್ತು. ಆದರೂ ಬಂದ ಒಂದು ತಿಂಗಳು ತುಂಬುವ ಮೊದಲೇ ಅದನ್ನು ಮುಂದುವರಿಸುವುದಿಲ್ಲ ಎಂದು ಪ್ರಕಟಿಸಲಾಯಿತು. ನಾನು ಅದನ್ನು ಪ್ರೀತಿಯಿಂದಲೇ ನೋಡಲು ಕುಳಿತವನು, ನಟರ ಶ್ರಮದ ಬಗ್ಗೆ ನನಗೆ ಗೌರವವೂ ಇದೆ. ನನಗೆ ಕಂಡ ತೊಡಕು ಒಂದೇ: ಅಲ್ಲಿ ಎಲ್ಲರೂ ಮಾತನಾಡುತ್ತಾರೆ. ಹಿಂದೆ ಏನಾಯಿತು, ಯಾರು ಯಾರನ್ನು ಪ್ರೀತಿಸಿದರು, ಈಗ ಎಷ್ಟು ನೋವಾಗುತ್ತಿದೆ ಎಂಬುದನ್ನೆಲ್ಲ ಬಿಡಿಸಿ ಹೇಳುತ್ತಾರೆ. ಪಾತ್ರಗಳೇ ಎಲ್ಲವನ್ನೂ ಹೇಳಿಬಿಟ್ಟ ಮೇಲೆ ಅದೇ ಸಂಯೋಜಕಿಯ ಸಂಗೀತಕ್ಕೆ ಹೇಳಲು ಏನೂ ಉಳಿಯಲಿಲ್ಲ. ಮೂಲದ ದೊಡ್ಡತನ ಸಂಗೀತ ಒಂದರದ್ದೇ ಅಲ್ಲ, ಅದಕ್ಕೆ ಜಾಗ ಬಿಟ್ಟುಕೊಟ್ಟ ನೊಬುಮೊತೊ ಅವರ ಬರವಣಿಗೆಯದೂ ವಾತಾನಾಬೆ ಅವರ ತಾಳ್ಮೆಯದೂ ಆಗಿದೆ.

ಹಳೆಯ ನೆನಪಿನ ಮೋಹ ಎಂಬ ಮಾತಿಗೆ ಹೆಚ್ಚು ಹೇಳಬೇಕಾಗಿಲ್ಲ. 1998ರಲ್ಲಿ ಟಿವಿ ಟೋಕಿಯೊದಲ್ಲಿ ಮೊದಲ ಬಾರಿ ಬಂದಾಗ ಸರಣಿ ಪೂರ್ತಿಯಾಗಿ ಪ್ರಸಾರವಾಗಲೇ ಇಲ್ಲ. ಆ ವರ್ಷದ ಅಕ್ಟೋಬರ್‌ನಿಂದ ವಾವ್‌ವಾವ್ ಎಂಬ ಉಪಗ್ರಹ ವಾಹಿನಿ 26 ಸಂಚಿಕೆಗಳನ್ನೂ ತೋರಿಸಿತು. ಆಗ ಹುಟ್ಟಿಯೇ ಇರದಿದ್ದವರು ಇಂದು ಅದನ್ನು ಮೊದಲ ಸಲ ನೋಡಿ ಹಾಡುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಅವರಿಗೆ ಮೋಹಗೊಳ್ಳಲು ಹಳೆಯ ನೆನಪಾದರೂ ಎಲ್ಲಿದೆ?

ಕೊನೆಯ ಹಾಡು ಬದಲಾಗುವ ಎರಡನೆಯ ಸಂಚಿಕೆ ಇಪ್ಪತ್ತಾರನೆಯದು. ಅದನ್ನೂ ನೀವು ಮುಂದಕ್ಕೆ ಓಡಿಸಿದ್ದರೆ, ದಯವಿಟ್ಟು ಅದೊಂದನ್ನು ಈ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನೋಡಿ. ಸ್ಪೈಕ್ ಮೆಟ್ಟಿಲುಗಳ ಮೇಲೆ ಕುಸಿದ ನಂತರ ಯಮಾನೆ ಅವರ ‘ಬ್ಲೂ’ ಆರಂಭವಾಗುತ್ತದೆ, ಕ್ಯಾಮೆರಾ ಅವನನ್ನು ಬಿಟ್ಟು ಮೇಲಕ್ಕೆ, ಮೋಡಗಳನ್ನೂ ದಾಟಿ ನಕ್ಷತ್ರಗಳವರೆಗೆ ಏರುತ್ತದೆ, ಹೆಸರುಗಳು ಒಂದೊಂದಾಗಿ ಹಾಯುತ್ತವೆ. ಅವನು ಸತ್ತನೋ ಬದುಕಿದನೋ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ, ವಾತಾನಾಬೆ ಅವರು ಅದನ್ನು ನೋಡುಗರಿಗೇ ಬಿಟ್ಟಿದ್ದಾರೆ. ಹೆಸರುಗಳೆಲ್ಲ ಮುಗಿಯುವವರೆಗೂ ಕಾಯಿರಿ. ಹಾಡಿನ ಕೊನೆಯಲ್ಲಿ, ಆ ಆಕಾಶದಲ್ಲಿ, ಒಂದು ನಕ್ಷತ್ರ ಆರುತ್ತದೆ.