ಶುಭ್ರ ಆಕಾಶದ ಮುನ್ಸೂಚನೆ ಮತ್ತು ಹಿಮದ ಸ್ಥಿತಿ

ಮೊನ್ನೆ 35 ಸೆಂಟಿಮೀಟರ್ ಹೊಸ ಹಿಮ ಬಿದ್ದಿದೆ, ಮುಂದಿನ ಮೂರು ದಿನ ಆಕಾಶ ಶುಭ್ರವಾಗಿರುತ್ತದೆ ಎಂಬ ಮುನ್ಸೂಚನೆಯಿದೆ, ಹೀಗಿರುವಾಗ ಸ್ಕೀ ಕಟ್ಟಿಕೊಂಡು ಹೊರಡಬಹುದೇ ಎಂದು ಕೇಳಿದ್ದೀರಿ. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಹಿಮ ಹಿಟ್ಟಿನಂತಿದ್ದು, ಇನ್ನೊಂದು ಮಗ್ಗುಲಲ್ಲಿ ಗಾಜಿನಂತೆ ಒಡೆಯುವುದೇಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಎರಡಕ್ಕೂ ಉತ್ತರ ಬೇರೆಬೇರೆಯಲ್ಲ. ನೆಲದ ಮೇಲಿರುವ ಹಿಮವು ಚಳಿಗಾಲದ ಮೊದಲ ದಿನದಿಂದ ಬೀಸಿದ ಗಾಳಿ, ಬಿದ್ದ ಬಿಸಿಲು, ಕೊರೆದ ಚಳಿ ಎಲ್ಲವನ್ನೂ ಪದರಪದರವಾಗಿ ಉಳಿಸಿಕೊಂಡಿರುತ್ತದೆ. ಆದುದರಿಂದ ಮುಂದಿನ ಮೂರು ದಿನಗಳ ಮುನ್ಸೂಚನೆಗಿಂತ ಹಿಂದಿನ ಮೂರು ವಾರಗಳ ಹವಾಮಾನವನ್ನು ನಾನು ಮೊದಲು ನೋಡುತ್ತೇನೆ.

ಆ ಮೂರು ವಾರಗಳಲ್ಲಿ ಹಿಮದ ಹೊದಿಕೆ ತೆಳುವಾಗಿದ್ದು, ರಾತ್ರಿಗಳು ಮೋಡವಿಲ್ಲದೆ ಬಹಳ ತಣ್ಣಗಿದ್ದವೇ ಎಂಬುದು ಮುಖ್ಯ. ಹಿಮದ ಅಡಿಯಲ್ಲಿರುವ ನೆಲ ಸಾಮಾನ್ಯವಾಗಿ 0 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈ ಮೈನಸ್ 15 ಡಿಗ್ರಿಗೆ ಇಳಿದು, ಹೊದಿಕೆ ಬರಿಯ 50 ಸೆಂಟಿಮೀಟರ್ ಇದ್ದರೆ, ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿಯಷ್ಟು ವ್ಯತ್ಯಾಸ ಉಂಟಾಗುತ್ತದೆ. ಈ ವ್ಯತ್ಯಾಸ ಸುಮಾರು 1 ಡಿಗ್ರಿಯನ್ನು ದಾಟಿತೆಂದರೆ, ಕೆಳಗಿನ ಬೆಚ್ಚನೆಯ ಕಣಗಳಿಂದ ನೀರಾವಿ ಎದ್ದು ಮೇಲಿನ ತಣ್ಣನೆಯ ಕಣಗಳ ಮೇಲೆ ಕೂರುತ್ತಾ ಹೋಗಿ, ಕಣಕಣದ ನಡುವಿನ ಬೆಸುಗೆ ಸಡಿಲಗೊಂಡು, ಮೂಲೆಗಳುಳ್ಳ ಹರಳುಗಳು ಬೆಳೆಯುತ್ತವೆ. ಅಂತಹ ಹಿಮವನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೂ ಉಂಡೆಯಾಗುವುದಿಲ್ಲ. ಸಕ್ಕರೆಯಂತೆ ಬೆರಳಸಂದಿಯಿಂದ ಉದುರಿಹೋಗುತ್ತದೆ. ಚಳಿ ಹೆಚ್ಚಿದಷ್ಟೂ ಹಿಮ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ, ನನ್ನಲ್ಲೂ ಇತ್ತು. ವಾಸ್ತವದಲ್ಲಿ ತೆಳುವಾದ ಹಿಮ ಮತ್ತು ತೀವ್ರ ಚಳಿ ಒಟ್ಟಿಗೆ ಬಂದರೆ ಅದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ, ಏಕೆಂದರೆ ಚಳಿಯು ದುರ್ಬಲ ಪದರವನ್ನು ಸೃಷ್ಟಿಸುವುದಷ್ಟೇ ಅಲ್ಲದೆ ವಾರಗಟ್ಟಲೆ ಹಾಗೆಯೇ ಕಾಪಾಡುತ್ತದೆ.

ಇನ್ನು ಗಾಳಿ. ನೀವು ಹೇಳಿದ 35 ಸೆಂಟಿಮೀಟರ್ ಎಂಬುದು ಅಳತೆ ಮಾಡುವ ಸಮತಟ್ಟಾದ ಜಾಗದ ಲೆಕ್ಕ. ಬೆಟ್ಟದ ಮೇಲೆ ಆ ಸಂಖ್ಯೆ ಎಲ್ಲೆಡೆ ಸಿಗುವುದಿಲ್ಲ. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದ ಗಾಳಿಯೇ ಒಣ, ಸಡಿಲ ಹಿಮವನ್ನು ಎಬ್ಬಿಸಿ ಒಯ್ಯಬಲ್ಲುದು. ಗಾಳಿಗೆ ಎದೆಯೊಡ್ಡಿದ ಬದಿ ಬೋಳಾಗುತ್ತದೆ, ಏಣಿನ, ಅಂದರೆ ಬೆಟ್ಟದ ನೆತ್ತಿಯ ಉದ್ದನೆಯ ಅಂಚಿನ, ಆಚೆಯ ಮರೆಯ ಬದಿಯಲ್ಲಿ ಅದೇ ಹಿಮ ಹಲವು ಪಟ್ಟು ದಪ್ಪವಾಗಿ ಕೂರುತ್ತದೆ. ದಾರಿಯಲ್ಲಿ ಉರುಳಿ ಮುರಿದ ಹರಳುಗಳು ಒತ್ತೊತ್ತಾಗಿ ಸೇರಿ, ಕೆಲವೇ ಗಂಟೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡು, ಹಲಗೆಯಂತಹ ಪದರವಾಗುತ್ತವೆ. ಆ ಹಲಗೆ ಮೇಲೆ ಹೇಳಿದ ಸಕ್ಕರೆಯಂತಹ ಪದರದ ಮೇಲೆ ಕುಳಿತಿದ್ದರೆ, ಒಬ್ಬ ಮನುಷ್ಯನ ಭಾರಕ್ಕೇ ಇಡೀ ಇಳಿಜಾರು ಒಟ್ಟಾಗಿ ಕಳಚಿಕೊಳ್ಳಬಹುದು. ಗಮನಿಸಬೇಕಾದುದೇನೆಂದರೆ, ಹಿಮ ಬೀಳುವುದು ನಿಂತ ಮೇಲೂ, ಬಿಸಿಲು ಹೊಳೆಯುತ್ತಿರುವಾಗಲೂ ಈ ಕೆಲಸ ನಡೆದೇ ಇರುತ್ತದೆ. ಏಣಿನಿಂದ ಬಿಳಿಯ ಧೂಳು ಬಾವುಟದಂತೆ ಹಾರುತ್ತಿದ್ದರೆ, ಮರೆಯ ಬದಿಗೆ ಆ ಕ್ಷಣದಲ್ಲಿ ಭಾರ ಬೀಳುತ್ತಿದೆ ಎಂದೇ ತಿಳಿಯಬೇಕು. ಮುನ್ಸೂಚನೆಯಲ್ಲಿ ‘ಶುಭ್ರ ಆಕಾಶ’ ಎಂಬ ಪದವನ್ನು ಬಿಟ್ಟು, ಏಣಿನ ಎತ್ತರದಲ್ಲಿ ಗಾಳಿಯ ದಿಕ್ಕು ಮತ್ತು ವೇಗ ಎಷ್ಟೆಂದು ನೋಡಿ.

ಎರಡು ಮಗ್ಗುಲುಗಳ ವ್ಯತ್ಯಾಸಕ್ಕೆ ಗಾಳಿಯಷ್ಟೇ ಬಿಸಿಲೂ ಕಾರಣ. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನ ಮೇಲ್ಪದರ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ; ಉತ್ತರದ ನೆರಳಿನಲ್ಲಿ ಹಿಟ್ಟಿನಂತಹ ಹಿಮ ದಿನಗಟ್ಟಲೆ ಉಳಿಯುತ್ತದೆ. ರಾತ್ರಿ ಹೆಪ್ಪುಗಟ್ಟುವುದೋ ಇಲ್ಲವೋ ಎಂಬುದನ್ನು ಥರ್ಮಾಮೀಟರ್ ಒಂದರಿಂದಲೇ ನಿರ್ಧರಿಸಬೇಡಿ. ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುವುದರಿಂದ, ಗಾಳಿಯ ಉಷ್ಣತೆ 0 ಡಿಗ್ರಿಗಿಂತ ತುಸು ಮೇಲಿದ್ದರೂ ಅದು ಹೆಪ್ಪುಗಟ್ಟುತ್ತದೆ. ಮೋಡ ಮುಚ್ಚಿದ್ದರೆ ಅದೇ ಉಷ್ಣತೆಯಲ್ಲಿ ಬೆಳಗಿನವರೆಗೂ ಒದ್ದೆಯಾಗಿಯೇ ಉಳಿಯುತ್ತದೆ. ಗಾಳಿಯಾಡದ, ತೇವವಿರುವ ಶುಭ್ರ ರಾತ್ರಿಗಳಲ್ಲಿ ಮೇಲ್ಮೈಯಲ್ಲಿ ಹಕ್ಕಿಯ ಗರಿಯಂತಹ ಹರಳುಗಳು ಬೆಳೆಯುವುದನ್ನು ನೀವೂ ಕಂಡಿರುತ್ತೀರಿ. ಅವು ಮೇಲಿರುವಷ್ಟು ದಿನ ಕಣ್ಣಿಗೆ ಹಬ್ಬ. ಮುಂದಿನ ಹಿಮ ಅವನ್ನು ಮುಚ್ಚಿದೊಡನೆ ಜಾರುಪದರ. ನಾನು ಮೊದಲು ಅವುಗಳ ಚಿತ್ರ ಮಾತ್ರ ತೆಗೆಯುತ್ತಿದ್ದೆ, ಈಗ ದಿನಾಂಕವನ್ನೂ ಇಳಿಜಾರಿನ ದಿಕ್ಕನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ ಎಂಬ ಲೆಕ್ಕ ಸರಾಸರಿಯಷ್ಟೇ. ಚಳಿಗಾಲದ ನಿಶ್ಚಲ ಬೆಳಗುಗಳಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ತಂಗಿ, ಮೇಲಿನ ಇಳಿಜಾರೇ ಬೆಚ್ಚಗಿರುವುದುಂಟು. ಹಿಮ ಬೀಳುವಾಗ ಅದು ಗಾಳಿಯ ಉಷ್ಣತೆ 0 ಡಿಗ್ರಿ ಇರುವ ಎತ್ತರಕ್ಕಿಂತ 200ರಿಂದ 300 ಮೀಟರ್ ಕೆಳಗಿನವರೆಗೂ ಕರಗದೆ ಬರುವುದು ಸಾಮಾನ್ಯ. ಅದಕ್ಕೂ ಕೆಳಗೆ ಮಳೆ. ಹೊಸ ಹಿಮದ ಮೇಲೆ ಮಳೆ ಸುರಿದ ದಿನ ಕಡಿದಾದ ಇಳಿಜಾರಿನ ಹತ್ತಿರ ಸುಳಿಯಬೇಡಿ.

ನಿಮ್ಮ ಪ್ರವಾಸದ ವಿಷಯಕ್ಕೆ ಬರುತ್ತೇನೆ. ಹಲಗೆಯಂತಹ ಹಿಮಕುಸಿತಗಳು ಬಹುಪಾಲು ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ಹಿಮಪಾತ ನಿಂತ ಮೊದಲ ಒಂದೆರಡು ದಿನ 30 ಡಿಗ್ರಿಗಿಂತ ಕಡಿಮೆಯಿರುವ, ತಲೆಯ ಮೇಲೆ ಕಡಿದಾದ ಇಳಿಜಾರು ಇಲ್ಲದಿರುವ ದಾರಿಯನ್ನು ಆರಿಸಿ. ಅಡಿಯಲ್ಲಿ ಸಕ್ಕರೆಯಂತಹ ಪದರವಿದ್ದರೆ ಈ ಎಚ್ಚರಿಕೆ ವಾರಗಳವರೆಗೂ ಬೇಕು. ಆಯಾ ಪ್ರದೇಶದ ಹಿಮಕುಸಿತ ಎಚ್ಚರಿಕೆಯ ಪ್ರಕಟಣೆಯನ್ನು ತಪ್ಪದೆ ಓದಿ. 1ರಿಂದ 5ರವರೆಗಿನ ಮಾಪಕದಲ್ಲಿ 3 ಎಂದರೆ ನಡುವಿನದು, ಅಷ್ಟೇನೂ ಅಪಾಯವಿಲ್ಲ ಎಂದು ಭಾವಿಸುವವರಿದ್ದಾರೆ. ಯುರೋಪಿನಲ್ಲಿ ಹಿಮಕುಸಿತದ ಸಾವುಗಳು ಹೆಚ್ಚಾಗಿ ಸಂಭವಿಸುವುದು ಆ ಮಟ್ಟದ ದಿನಗಳಲ್ಲಿಯೇ. ಹತ್ತಿರದಲ್ಲಿ ಹೊಸದಾಗಿ ಕುಸಿದ ಗುರುತು, ಕಾಲಿಟ್ಟಾಗ ಹಿಮದೊಳಗಿನಿಂದ ‘ಧುಮ್’ ಎಂಬ ಸದ್ದು, ಸ್ಕೀಯ ಮುಂದೆ ಓಡುವ ಬಿರುಕು, ಈ ಮೂರರಲ್ಲಿ ಒಂದು ಕಂಡರೂ ಬಂದ ದಾರಿಯಲ್ಲೇ ಹಿಂದಿರುಗಿ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10ರಿಂದ 15 ನಿಮಿಷಗಳ ನಂತರ ವೇಗವಾಗಿ ಕುಸಿಯುವುದರಿಂದ, ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಪತ್ತೆಹಚ್ಚುವ ಸಾಧನ), ಹಿಮದೊಳಗೆ ಚುಚ್ಚಿ ಹುಡುಕುವ ಶೋಧದ ಕಡ್ಡಿ ಮತ್ತು ಸಲಿಕೆ ಗುಂಪಿಗೊಂದರಂತೆ ಅಲ್ಲ, ಪ್ರತಿಯೊಬ್ಬರ ಬಳಿಯೂ ಇರಬೇಕು. ಬಿಸಿಲಿನ ಮಗ್ಗುಲಿಗೆ ಹೋಗುವುದಾದರೆ ಬೆಳಗಿನ ಹೆಪ್ಪು ಇರುವಾಗಲೇ ಹೋಗಿ, ಬೂಟು ಪಾದದ ಗಂಟಿನವರೆಗೆ ಹೂತುಕೊಳ್ಳಲಾರಂಭಿಸುವ ಮುನ್ನವೇ ಅಲ್ಲಿಂದ ಇಳಿದುಬಿಡಿ.