ಊರಿನಲ್ಲಿ ಮುಕ್ತ ತಂತ್ರಾಂಶಕ್ಕಾಗಿ ಸ್ವಯಂಸೇವಕರ ಬಳಗವನ್ನು ಕಟ್ಟಿ ಉಳಿಸಿಕೊಳ್ಳುವುದು ಹೇಗೆ?

ಆಸಕ್ತಿಯಿರುವ ನಾಲ್ಕೈದು ಜನ ಸೇರಿ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶದ) ಪ್ರಚಾರಕ್ಕೆ ಸ್ಥಳೀಯ ಬಳಗವೊಂದನ್ನು ಆರಂಭಿಸಬೇಕೆಂದಿದ್ದೀರಿ. ಮೊದಲು ಏನು ಮಾಡಬೇಕು, ಇಂಥ ಗುಂಪುಗಳು ಒಂದೆರಡು ವರ್ಷಗಳಲ್ಲೇ ಸೊರಗುವುದನ್ನು ತಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಇಂಥದೊಂದು ಬಳಗದಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ: ಪ್ರಚಾರವನ್ನು ಬದಿಗಿಟ್ಟು ನೆರವನ್ನು ಸಂಘಟಿಸಿ. ನೆರವು ಸರಿಯಾಗಿ ಸಿಕ್ಕರೆ ಪ್ರಚಾರವನ್ನು ಬಂದವರೇ ಮಾಡುತ್ತಾರೆ.

ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಬಳಸುವವರ ಹಳೆಯ ಗುಂಪುಗಳು ಬೆಳೆದದ್ದೂ ಹಾಗೆಯೇ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ಆಪರೇಟಿಂಗ್ ಸಿಸ್ಟಂ ಒಂದನ್ನು ಕಟ್ಟುವ ಗ್ನು ಯೋಜನೆಯನ್ನು ಘೋಷಿಸಿದರು, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಲಿನಕ್ಸ್ ಕರ್ನೆಲ್ಲನ್ನು ಹೊರತಂದರು. ಅದರ ನಂತರದ ದಶಕದಲ್ಲಿ ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಸಾಮಾನ್ಯರ ಕೈಗೆಟುಕುವ ಕೆಲಸವಾಗಿರಲಿಲ್ಲ. ಮೋಡೆಮ್, ಸೌಂಡ್ ಕಾರ್ಡ್, ಮಾನಿಟರ್ ಎಲ್ಲಕ್ಕೂ ಬಲ್ಲವರೊಬ್ಬರ ಸಹಾಯ ಬೇಕಾಗುತ್ತಿದ್ದುದರಿಂದ ಜನ ತಮ್ಮ ಕಂಪ್ಯೂಟರನ್ನೇ ಹೊತ್ತುಕೊಂಡು ಸಭೆಗೆ ಬರುತ್ತಿದ್ದರು. ಇನ್‌ಸ್ಟಾಲ್ ಮಾಡುವುದು ಸುಲಭವಾದ ಮೇಲೆ ಆ ಅಗತ್ಯ ಕರಗಿತು. ಹೊಸ ಅಗತ್ಯವನ್ನು ಗುರುತಿಸಿಕೊಳ್ಳದ ಗುಂಪುಗಳಲ್ಲಿ ಭಾಷಣಗಳು ಉಳಿದವು, ಕೇಳುವವರು ಉಳಿಯಲಿಲ್ಲ.

ಈಗ ಅಂಥ ಅಗತ್ಯವೊಂದು ಕಣ್ಣೆದುರಿಗೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರ್ ಬೇಕೆಂಬ ನಿಯಮವಿರುವುದರಿಂದ, ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಅನೇಕ ಕಂಪ್ಯೂಟರುಗಳು ಅಧಿಕೃತವಾಗಿ ಮುಂದಿನ ಆವೃತ್ತಿಗೆ ಹೋಗಲಾರವು. ‘ಹಳೆಯ ಲ್ಯಾಪ್‌ಟಾಪನ್ನು ಎಸೆಯುವ ಮೊದಲು ಒಮ್ಮೆ ತನ್ನಿ’ ಎಂಬ ಒಂದು ಸಾಲಿನ ಸೂಚನೆಯು ತಂತ್ರಾಂಶ ಸ್ವಾತಂತ್ರ್ಯದ ಕುರಿತ ದೀರ್ಘ ಉಪನ್ಯಾಸಕ್ಕಿಂತ ಹೆಚ್ಚು ಜನರನ್ನು ಕರೆತರುತ್ತದೆ.

ಆರಂಭಕ್ಕೆ ನೋಂದಣಿ, ಲಾಂಛನ, ಪದಾಧಿಕಾರಿಗಳ ಪಟ್ಟಿ ಇವಾವುವೂ ಬೇಕಿಲ್ಲ. ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ಮೇಜು, ವಿದ್ಯುತ್ತು, ಇಂಟರ್ನೆಟ್ ಇರುವ ಒಂದು ಕೋಣೆ, ಹಾಗೂ ತಿಂಗಳಲ್ಲಿ ಬದಲಾಗದ ಒಂದು ದಿನ ಬೇಕು. ಆ ದಿನ ಒಬ್ಬರೂ ಬಾರದಿದ್ದರೂ ನಿಮ್ಮಲ್ಲಿ ಇಬ್ಬರು ಅಲ್ಲಿ ಕುಳಿತಿರಬೇಕು, ಏಕೆಂದರೆ ಕಳೆದ ತಿಂಗಳು ನೆರವು ಪಡೆದವರು ಮುಂದಿನ ತಿಂಗಳು ವಿಚಾರಿಸದೆಯೇ ನೇರವಾಗಿ ಬರುವಂತಾಗುವುದು ಈ ನಿಯತತೆಯಿಂದಲೇ. ಕಾಲೇಜಿನಲ್ಲಿ ಆರಂಭಿಸುವಿರಾದರೆ ವಿದ್ಯಾರ್ಥಿಗಳ ಜೊತೆಗೆ ಊರಿನಲ್ಲಿಯೇ ನೆಲೆಸಿರುವ ಒಬ್ಬಿಬ್ಬರನ್ನು ಸೇರಿಸಿಕೊಳ್ಳಿ. ಕೊನೆಯ ವರ್ಷದವರು ತೇರ್ಗಡೆಯಾಗಿ ಹೋದಂತೆ ಬಳಗವೂ ಅವರೊಂದಿಗೆ ಹೊರಟುಹೋಗುವುದನ್ನು ನೋಡಿದ್ದೇನೆ.

ಇನ್‌ಸ್ಟಾಲ್ ದಿನದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಳಗದ ಹೆಸರು ಉಳಿಯುವುದೂ ಕೆಡುವುದೂ ಅಲ್ಲಿಯೇ. ಯಂತ್ರವನ್ನು ಮುಟ್ಟುವ ಮೊದಲು ಒಂದು ಕಾಗದದಲ್ಲಿ ಮಾಲೀಕರ ಹೆಸರು, ಯಂತ್ರದ ಮಾದರಿ, ಅದರಲ್ಲಿ ಅವರು ನಿತ್ಯ ಮಾಡುವ ಕೆಲಸಗಳು, ಬ್ಯಾಕಪ್ ಆಗಿದೆಯೇ ಎಂಬಿಷ್ಟನ್ನು ಬರೆಸಿಕೊಳ್ಳಿ. ಬ್ಯಾಕಪ್ ಇಲ್ಲದಿದ್ದರೆ ಅಂದಿನ ಕೆಲಸ ಬ್ಯಾಕಪ್ ಮಾಡುವುದಷ್ಟೇ. ಉಳಿದದ್ದು ಮುಂದಿನ ತಿಂಗಳಿಗೆ. ಆಮೇಲೆ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವ ಪೆನ್‌ಡ್ರೈವ್) ಬೂಟ್ ಮಾಡಿ, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ, ವೈಫೈ, ಧ್ವನಿ, ಟಚ್‌ಪ್ಯಾಡ್, ಕ್ಯಾಮೆರಾಗಳನ್ನು ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ಬಿಡಬೇಡಿ. ವಿಂಡೋಸನ್ನು ಉಳಿಸಿಕೊಂಡು ಎರಡನ್ನೂ ಇಡುವುದಾದರೆ ಡಿಸ್ಕಿನ ಮಾಹಿತಿಗೆ ಬೀಗ ಹಾಕಿಡುವ ವಿಂಡೋಸಿನ ಬಿಟ್‌ಲಾಕರ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಗೂಢಲಿಪೀಕರಣ ಮಾಲೀಕರಿಗೇ ಗೊತ್ತಿಲ್ಲದಂತೆ ಚಾಲೂ ಆಗಿರುತ್ತದೆ. ನೀವು ಸೆಕ್ಯೂರ್ ಬೂಟ್ (ಯಂತ್ರ ಆರಂಭವಾಗುವಾಗಿನ ಭದ್ರತಾ ತಪಾಸಣೆ) ಸೆಟ್ಟಿಂಗನ್ನು ಬದಲಿಸಿದ ಮರುಕ್ಷಣದಲ್ಲಿ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಿ ನಿಂತುಬಿಡಬಹುದು. ಆ ಕೀ ಮಾಲೀಕರ ಕೈಯಲ್ಲಿದೆ ಎಂದು ಖಚಿತವಾಗುವವರೆಗೆ ಸೆಟ್ಟಿಂಗುಗಳಿಗೆ ಕೈಹಾಕಬೇಡಿ. ಹಾಗೆಯೇ ಪೂರ್ತಿ ಆರದೆ ಬೇಗ ಆರಂಭವಾಗುವಂತೆ ಮಾಡುವ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸಿ, ಇಲ್ಲದಿದ್ದರೆ ಲಿನಕ್ಸಿನಿಂದ ವಿಂಡೋಸ್ ಇರುವ ಪಾರ್ಟಿಶನ್ನಿಗೆ (ಡಿಸ್ಕಿನ ಭಾಗಕ್ಕೆ) ಬರೆಯಲಾಗದೆ ‘ನನ್ನ ಕಡತ ಸೇವ್ ಆಗುತ್ತಿಲ್ಲ’ ಎಂಬ ದೂರು ಬರುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ಕೀಬೋರ್ಡ್ ಮಾಲೀಕರ ಕೈಯಲ್ಲಿಯೇ ಇರಬೇಕು. ಸ್ವಯಂಸೇವಕರು ಅದನ್ನು ಎಳೆದುಕೊಂಡು ಟರ್ಮಿನಲ್‌ನಲ್ಲಿ ಚಕಚಕನೆ ಹತ್ತು ಆಜ್ಞೆಗಳನ್ನು ಬರೆದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಪಕ್ಕದಲ್ಲಿ ಕುಳಿತವರಿಗೆ ಇದು ತಮ್ಮಿಂದಾಗುವ ಕೆಲಸವಲ್ಲ ಎಂಬುದೊಂದೇ ಮನದಟ್ಟಾಗುತ್ತದೆ.

ಬಂದವರೆಲ್ಲರಿಗೂ ಲಿನಕ್ಸ್ ಹಾಕಿಕೊಡಲೇಬೇಕೆಂಬ ಹಟ ಬೇಡ. ಮ್ಯಾಕ್ರೋಗಳಿಂದ (ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂಗಳಿಂದ) ತುಂಬಿದ ಎಕ್ಸೆಲ್ ಕಡತಗಳಲ್ಲಿ ದಿನವಿಡೀ ಲೆಕ್ಕ ಬರೆಯುವವರೊಬ್ಬರು ಬಂದರೆ, ಅವರ ಕಡತವೊಂದರ ಪ್ರತಿಯನ್ನು ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ಅವರೆದುರಿಗೇ ತೆರೆದು ತೋರಿಸಿ. ಮ್ಯಾಕ್ರೋ ಓಡದಿದ್ದರೆ ‘ಸದ್ಯಕ್ಕೆ ನೀವು ಬದಲಾಗಬೇಡಿ’ ಎಂದು ನೀವೇ ಹೇಳಿಬಿಡಿ. ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಜಿಂಪ್ ಈ ಮುಕ್ತ ತಂತ್ರಾಂಶಗಳೆಲ್ಲ ವಿಂಡೋಸಿನಲ್ಲೂ ನಡೆಯುತ್ತವೆ. ಇವುಗಳ ರೂಢಿಯಾದವರಿಗೆ ಮುಂದೆ ಆಪರೇಟಿಂಗ್ ಸಿಸ್ಟಂ ಬದಲಿಸುವುದು ದೊಡ್ಡ ಸಂಗತಿಯೇ ಅಲ್ಲ. ಬೇಡವೆಂದು ಪ್ರಾಮಾಣಿಕವಾಗಿ ಹೇಳಿಸಿಕೊಂಡವರು ತಮ್ಮ ಪರಿಚಿತರನ್ನು ನಂಬಿಕೆಯಿಂದ ಕಳುಹಿಸಿಕೊಡುವುದನ್ನು ನಾನು ಗಮನಿಸಿದ್ದೇನೆ.

ಕಚೇರಿ, ಶಾಲೆಗಳಿಗೆ ಆರಂಭದಲ್ಲೇ ಕೈಹಾಕಬೇಡಿ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ನಿರ್ಧರಿಸಿ ಸಾವಿರಾರು ಕಂಪ್ಯೂಟರುಗಳನ್ನು ಬದಲಿಸಿತ್ತು. ಆದರೂ 2017ರಲ್ಲಿ ಅಲ್ಲಿನ ನಗರಸಭೆ ವಿಂಡೋಸಿಗೆ ಮರಳುವ ತೀರ್ಮಾನ ಕೈಗೊಂಡಿತು. ಸಂಬಳದ ಸಿಬ್ಬಂದಿ, ಸ್ವಂತ ಬಜೆಟ್ ಇದ್ದ ನಗರಾಡಳಿತದ ಯೋಜನೆಯೇ ಹೀಗಾಗಬಹುದಾದರೆ, ಬಿಡುವಿನ ವೇಳೆಯಲ್ಲಿ ಸೇರುವ ನಾಲ್ಕೈದು ಜನ ಒಂದು ಶಾಲೆಯ ಪ್ರಯೋಗಾಲಯದ ಹೊಣೆಯನ್ನು ಲಘುವಾಗಿ ಹೊರಬಾರದು. ಅಲ್ಲಿನ ಶಿಕ್ಷಕರೊಬ್ಬರು ತಮ್ಮ ಸ್ವಂತ ಯಂತ್ರದಲ್ಲಿ ಕೆಲವು ತಿಂಗಳು ಬಳಸಿ ನೋಡಿ, ತಾವಾಗಿಯೇ ಕೇಳಿದಾಗ ಮುಂದುವರಿಯಿರಿ.

ಬಳಗ ಸೊರಗಲು ಮುಖ್ಯ ಕಾರಣ ಇನ್‌ಸ್ಟಾಲ್ ಆದ ನಂತರದ ದಿನಗಳ ನಿರ್ಲಕ್ಷ್ಯ. ಪ್ರಿಂಟರ್ ಕೆಲಸ ಮಾಡದಿರುವುದು, ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದು, ಟೈಪಿಂಗ್ ವಿನ್ಯಾಸ ಬೇರೆಯಾಗಿರುವುದು ಇವೆಲ್ಲ ಎರಡನೆಯ ವಾರದಿಂದ ತಲೆದೋರುತ್ತವೆ. ಆಗ ಕೇಳಲು ಯಾರೂ ಸಿಗದಿದ್ದರೆ ಜನ ಸದ್ದಿಲ್ಲದೆ ಹಿಂದಿರುಗುತ್ತಾರೆ, ‘ಲಿನಕ್ಸ್ ಸರಿಯಿಲ್ಲ’ ಎಂಬ ಮಾತನ್ನೂ ಹರಡುತ್ತಾರೆ. ಆದ್ದರಿಂದ ಬಳಗವೆಲ್ಲ ಸೇರಿ ಉಬುಂಟು ಎಲ್‌ಟಿಎಸ್‌ನಂಥ, ಐದು ವರ್ಷ ಅಪ್‌ಡೇಟ್ ಸಿಗುವ ಒಂದೇ ಡಿಸ್ಟ್ರೊವನ್ನು (ಲಿನಕ್ಸಿನ ಸಿದ್ಧ ರೂಪವನ್ನು) ಆರಿಸಿಕೊಂಡು ಹೊಸಬರಿಗೆಲ್ಲ ಅದನ್ನೇ ಹಾಕಿ. ನಿಮ್ಮ ಮನೆಯಲ್ಲಿ ಆರ್ಚ್ ಎಂಬ ಡಿಸ್ಟ್ರೊ ಇರಲಿ, ಇನ್ನೇನಾದರೂ ಇರಲಿ. ಅದು ನಿಮ್ಮ ಸುಖ. ಪರಿಹರಿಸಿದ ಪ್ರತಿಯೊಂದು ತೊಂದರೆಯನ್ನೂ ಎಲ್ಲರೂ ನೋಡಬಹುದಾದ ಕಡೆ ಯಂತ್ರದ ಮಾದರಿಯೊಂದಿಗೆ ಬರೆದಿಡಿ. ಮುಕ್ತ ತಂತ್ರಾಂಶ, ಓಪನ್ ಸೋರ್ಸ್ ಪಂಗಡಗಳ ತಾತ್ವಿಕ ಚರ್ಚೆಯಲ್ಲಿ ನನಗೂ ಆಸಕ್ತಿಯಿದೆ, ಆದರೆ ಅದಕ್ಕೆ ನೆರವಿನ ದಿನವನ್ನು ಬಳಸಬೇಡಿ.

ಕೋಡ್ ಬರೆಯಲು ಬಾರದವರನ್ನು ಪ್ರೇಕ್ಷಕರಾಗಿ ಕೂರಿಸಬೇಡಿ. ಅನುವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಬೀದಿಗಳನ್ನು ಸೇರಿಸುವುದು, ದೋಷ ವರದಿ ಬರೆಯುವುದು ಎಲ್ಲವೂ ನಿಜವಾದ ಕೊಡುಗೆಗಳೇ. ಕೋಣೆಯ ಕೀಲಿ, ಜಾಲತಾಣದ ಪಾಸ್‌ವರ್ಡ್, ಸಂಗ್ರಹವಾದ ಅಲ್ಪಸ್ವಲ್ಪ ಹಣದ ಲೆಕ್ಕ ಇವು ಯಾವಾಗಲೂ ಇಬ್ಬರ ಬಳಿ ಇರಲಿ. ವರ್ಷಕ್ಕೊಮ್ಮೆ ಜವಾಬ್ದಾರಿಗಳು ಕೈಬದಲಾಗಲಿ.

ದೊಡ್ಡ ಕಾರ್ಯಕ್ರಮ ಮಾಡುವ ಆಸೆಯಿದ್ದರೆ, 2004ರಿಂದ ಆಚರಣೆಯಲ್ಲಿರುವ, ಮುಕ್ತ ತಂತ್ರಾಂಶಕ್ಕೆ ಮೀಸಲಾದ ಸಾಫ್ಟ್‌ವೇರ್ ಫ್ರೀಡಂ ಡೇ ಇದೆ; ಅದು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಬರುತ್ತದೆ. ಅಂದು ಬಂದವರಿಗೆಲ್ಲ ಮುಂದಿನ ನೆರವಿನ ದಿನದ ಚೀಟಿ ಕೊಡುವಷ್ಟು ನಿಮ್ಮ ತಿಂಗಳ ಕೂಟ ಆ ಹೊತ್ತಿಗೆ ಗಟ್ಟಿಯಾಗಿರದಿದ್ದರೆ, ಮೊದಲ ವರ್ಷ ಅದನ್ನು ಬಿಟ್ಟುಬಿಡಿ.