ಪ್ರತಿ ಸಂಬಳದಲ್ಲೂ ತೆರಿಗೆ ಹಿಡಿದಿದ್ದಾರೆ, ಆದರೂ 193 ಪೌಂಡ್ ಬಾಕಿ ಅಂತ ಪತ್ರ ಬಂದಿದೆ. ಇದು ಹೇಗೆ?

ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ಕೆಲಸ, ನಾಲ್ಕು ವಾರಕ್ಕೊಮ್ಮೆ ಶುಕ್ರವಾರ ಸಂಬಳ, ಒಂದು ಪೇಸ್ಲಿಪ್‌ನಲ್ಲೂ ತೆರಿಗೆ ತಪ್ಪಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದೂ 2023-24ರ ಲೆಕ್ಕದಲ್ಲಿ 193 ಪೌಂಡ್ ಕಡಿಮೆ ಕಟ್ಟಿದ್ದೀರಿ ಎಂದು ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಿಂದ ಪಿ800 ಎಂಬ ತೆರಿಗೆ ಲೆಕ್ಕದ ಪತ್ರ ಬಂದಿದೆ. ಕೆಲಸ ಕೊಟ್ಟವರು ಮೋಸ ಮಾಡಿದರಾ, ವೀಸಾಕ್ಕೆ ತೊಂದರೆ ಆಗುತ್ತದಾ ಎನ್ನುವುದು ನಿಮ್ಮ ಪ್ರಶ್ನೆ.

ಮೋಸ ಆಗಿಲ್ಲ. ವೀಸಾದ ವಿಷಯಕ್ಕೆ ಆಮೇಲೆ ಬರುತ್ತೇನೆ, ಆದರೆ ಇವತ್ತು ರಾತ್ರಿ ನಿದ್ದೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ನಾನು ಇಲ್ಲೇ ಪೇರೋಲ್ (ಸಂಬಳದ ಲೆಕ್ಕದ) ಕೆಲಸದಲ್ಲಿರುವುದರಿಂದ 193 ಎಂಬ ಅಂಕಿ ನೋಡಿದ ಕೂಡಲೇ ಕಾರಣ ಅಂದಾಜಾಯಿತು. ಖಚಿತ ಮಾಡಿಕೊಳ್ಳಲು ನೀವೇ ಒಂದು ಕೆಲಸ ಮಾಡಿ: 2023ರ ಏಪ್ರಿಲ್ 6ರಿಂದ 2024ರ ಏಪ್ರಿಲ್ 5ರವರೆಗಿನ ಪೇಸ್ಲಿಪ್‌ಗಳನ್ನು ತೆಗೆದು ಎಣಿಸಿ. ಇಲ್ಲಿನ ತೆರಿಗೆ ವರ್ಷ ನಮ್ಮಲ್ಲಿಯ ಹಾಗೆ ಏಪ್ರಿಲ್ ಒಂದಕ್ಕೆ ಶುರುವಾಗುವುದಿಲ್ಲ, ಆರಕ್ಕೆ ಶುರುವಾಗುತ್ತದೆ. ನಾಲ್ಕು ವಾರಕ್ಕೊಂದರಂತೆ 13 ಪೇಸ್ಲಿಪ್ ಇರಬೇಕು. ನಿಮ್ಮ ಬಳಿ 14 ಇರುತ್ತವೆ. ಮೊದಲನೆಯದು 2023 ಏಪ್ರಿಲ್ 7ರದ್ದು. ಅವತ್ತು ಗುಡ್ ಫ್ರೈಡೇ, ಬ್ಯಾಂಕ್ ರಜೆ, ಹಾಗಾಗಿ ಹಣ ಒಂದು ದಿನ ಮುಂಚೆಯೇ ಖಾತೆಗೆ ಬಂದಿರಬಹುದು. ಲೆಕ್ಕಕ್ಕೆ ಮಾತ್ರ ಮಾಮೂಲಿ ಸಂಬಳದ ದಿನವನ್ನೇ ಹಿಡಿಯುತ್ತಾರೆ. ಕೊನೆಯದು 2024 ಏಪ್ರಿಲ್ 5ರದ್ದು, ಅಂದರೆ ತೆರಿಗೆ ವರ್ಷದ ಕಟ್ಟಕಡೆಯ ದಿನ. ಆ ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಪೀರಿಯಡ್ ಎಂದಿರುವ ಕಡೆ ನೋಡಿ, 56 ಎಂದು ಇರಬೇಕು.

ವರ್ಷಕ್ಕೆ 52 ವಾರ ಇರುವಾಗ 56 ಎಲ್ಲಿಂದ ಬಂತು? ನಾಲ್ಕು ವಾರದ 13 ಸುತ್ತು ಅಂದರೆ 364 ದಿನ. ವರ್ಷಕ್ಕೆ 365, ಮತ್ತೆ 2024ರಲ್ಲಿ ಫೆಬ್ರವರಿ 29 ಇದ್ದುದರಿಂದ ಆ ತೆರಿಗೆ ವರ್ಷಕ್ಕೆ 366. ಹೀಗೆ ಮಿಕ್ಕ ಎರಡು ದಿನಗಳಲ್ಲಿ ಒಂದು ದಿನ ನಿಮ್ಮ ಸಂಬಳದ ದಿನವಾಯಿತು. ಹದಿನಾಲ್ಕನೆಯ ಸಂಬಳವನ್ನು ಪೇರೋಲ್‌ನವರು 53ರಿಂದ 56ನೇ ವಾರದ್ದು ಎಂದು ಲೆಕ್ಕ ಹಾಕುತ್ತಾರೆ.

ಈಗ ತೆರಿಗೆಯ ಲೆಕ್ಕ. ನಿಮ್ಮ ಟ್ಯಾಕ್ಸ್ ಕೋಡ್ 1257ಎಲ್ ಇರಬೇಕು. ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ ಎನ್ನುವುದನ್ನೇ ಅದು ಹೇಳುವುದು. ಪೇರೋಲ್ ಸಾಫ್ಟ್‌ವೇರ್ ಈ ವಿನಾಯಿತಿಯನ್ನು 13 ಪಾಲು ಮಾಡಿ, ಪ್ರತಿ ಸಂಬಳಕ್ಕೂ ಸುಮಾರು 967 ಪೌಂಡ್ ಬಿಟ್ಟು ಮಿಕ್ಕಿದ್ದರ ಮೇಲೆ ಶೇ. 20 ಹಿಡಿಯುತ್ತದೆ. ಹದಿಮೂರನೇ ಸಂಬಳಕ್ಕೆ ವಿನಾಯಿತಿ ಪೂರ್ತಿ ಮುಗಿಯಿತು. ಹದಿನಾಲ್ಕನೆಯದಕ್ಕೆ ಕೊಡಲು ಏನೂ ಉಳಿದಿಲ್ಲ. ಆದರೂ ನಿಯಮದ ಪ್ರಕಾರ ಆ ಕೊನೆಯ ಸಂಬಳವನ್ನು ಹಿಂದಿನದರ ಜೊತೆ ಕೂಡಿಸದೆ ಒಂಟಿಯಾಗಿ ನೋಡಿ, ಅದಕ್ಕೂ ಇನ್ನೊಂದು 967 ಬಿಡಬೇಕು. ಸಾಫ್ಟ್‌ವೇರ್ ಬಿಟ್ಟಿತು. ವರ್ಷ ಮುಗಿದ ಮೇಲೆ ಎಚ್‌ಎಂಆರ್‌ಸಿ ಒಟ್ಟು ಲೆಕ್ಕಕ್ಕೆ ಕುಳಿತಾಗ 12,570ಕ್ಕಿಂತ ಹೆಚ್ಚು ವಿನಾಯಿತಿ ಹೋಗಿರುವುದು ಕಾಣುತ್ತದೆ. 967ರ ಶೇ. 20 ಎಂದರೆ 193.

ಒಂದು ಉದಾಹರಣೆ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ನನ್ನ ಮಾತಿಗಿಂತ ನಿಮ್ಮ ಪಿ60 (ವರ್ಷದ ಒಟ್ಟು ಸಂಬಳ, ಹಿಡಿದ ತೆರಿಗೆ ತೋರಿಸುವ ಪತ್ರ) ಹಿಡಿದು ಹೀಗೇ ಲೆಕ್ಕ ಮಾಡಿದರೆ ಧೈರ್ಯ ಬರುತ್ತದೆ. ಪ್ರತಿ ಸಲ 1,900 ಪೌಂಡ್ ಸಂಬಳ ಅಂದುಕೊಳ್ಳಿ. ಒಂದು ಸಂಬಳಕ್ಕೆ ತೆರಿಗೆ ಸುಮಾರು 187 ಪೌಂಡ್, ಹದಿನಾಲ್ಕಕ್ಕೆ ಸುಮಾರು 2,613. ವರ್ಷದ ಒಟ್ಟು ಸಂಬಳ 26,600. ಅದರಲ್ಲಿ 12,570 ಕಳೆದರೆ 14,030, ಅದರ ಶೇ. 20 ಅಂದರೆ 2,806. ವ್ಯತ್ಯಾಸ ಅದೇ 193. ಸಂಬಳ 1,600 ಇರಲಿ, 2,400 ಇರಲಿ, ಶೇ. 20ರ ದರದಲ್ಲಿರುವವರಿಗೆ ಈ ಮೊತ್ತ ಬದಲಾಗುವುದಿಲ್ಲ. ವಾರದ ಸಂಬಳದವರಿಗೆ ಸುಮಾರು 48 ಪೌಂಡ್, ಎರಡು ವಾರಕ್ಕೊಮ್ಮೆ ಪಡೆಯುವವರಿಗೆ ಸುಮಾರು 97. ನಾಲ್ಕು ವಾರದ ಸಂಬಳವಿದ್ದು ಶೇ. 40ರ ದರಕ್ಕೆ ಏರಿದವರಿಗೆ ಏಟು ಜೋರು, ಸುಮಾರು 967 ಪೌಂಡ್, ಯಾಕೆಂದರೆ ಅವರಿಗೆ ಶೇ. 20ರ ಪಟ್ಟಿಯಲ್ಲೂ ಒಂದು ಪಾಲು ಹೆಚ್ಚಿಗೆ ಸಿಕ್ಕಿರುತ್ತದೆ. ಸ್ಕಾಟ್ಲೆಂಡಿನಲ್ಲಿ ದರಗಳು ಬೇರೆ, ಅಲ್ಲಿನವರು ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ತಿಂಗಳ ಸಂಬಳದವರಿಗೆ ಈ ತಾಪತ್ರಯವೇ ಇಲ್ಲ, ವರ್ಷಕ್ಕೆ ಹನ್ನೆರಡೇ ತಿಂಗಳು. ಇನ್ನು ಓದುತ್ತಾ ವಾರಕ್ಕೆ ಕೆಲವು ಗಂಟೆ ದುಡಿಯುವ ವಿದ್ಯಾರ್ಥಿಗಳು: ಆ ಒಂದು ಹೆಚ್ಚುವರಿ ಸಂಬಳ ಸೇರಿಸಿಯೂ ವರ್ಷದ ಒಟ್ಟು 12,570 ದಾಟದಿದ್ದರೆ ಕಟ್ಟಬೇಕಾದದ್ದು ಏನೂ ಇಲ್ಲ.

ಸಂಬಳದಿಂದ ತೆರಿಗೆಯ ಜೊತೆಗೇ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲದಿರುವುದು ಗಮನಿಸಿರಬಹುದು. ಅದನ್ನು ವರ್ಷದ ಲೆಕ್ಕದಲ್ಲಿ ನೋಡುವುದಿಲ್ಲ, ಆಯಾ ಸಂಬಳದ ಮೇಲೇ ಅದು ಮುಗಿದುಹೋಗುತ್ತದೆ. ಅದರಲ್ಲಿ ಬಾಕಿ ಬರುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಅಲ್ಲಿ ವರ್ಷದ ಆದಾಯ ಅಂದಾಜು ಮಾಡಿ ಟಿಡಿಎಸ್ ಹಿಡಿಯುತ್ತಾರೆ, ಕಡಿಮೆ ಬಿದ್ದರೆ ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಒಟ್ಟಿಗೆ ಕತ್ತರಿ ಬೀಳುತ್ತದೆ. ಕಷ್ಟವಾಗುತ್ತದೆ, ಆದರೆ ಕಣ್ಣೆದುರೇ ಆಗುತ್ತದೆ. ಇಲ್ಲಿನ ನಿಯಮದ ಹಿಂದೆ ಒಂದು ಕರುಣೆ ಇದೆ ಎಂದೇ ನಾನು ತಿಳಿದಿದ್ದೇನೆ. ವಿನಾಯಿತಿ ಕೊಡದೆ ಹೋಗಿದ್ದರೆ ಮೇಲಿನ ಉದಾಹರಣೆಯಲ್ಲಿ ಕೊನೆಯ ಸಂಬಳದಿಂದ 187ರ ಬದಲು 380 ಪೌಂಡ್ ಹೋಗುತ್ತಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಮನೆ ಬಾಡಿಗೆ ಕಟ್ಟಬೇಕಾದವರಿಗೆ ಅದು ಸಣ್ಣ ಮೊತ್ತವಲ್ಲ. ನನ್ನ ತಕರಾರು ಬೇರೆ: ಹೀಗೆ ಆಗುತ್ತದೆ ಎಂದು ಪೇರೋಲ್‌ನವರಿಗೆ ವರ್ಷದ ಮೊದಲ ದಿನವೇ ಗೊತ್ತಿರುತ್ತದೆ, ಕ್ಯಾಲೆಂಡರ್ ನೋಡಿದರೆ ಸಾಕು. ಆ ಹದಿನಾಲ್ಕನೇ ಪೇಸ್ಲಿಪ್ ಜೊತೆ ಎರಡು ಸಾಲಿನ ಇಮೇಲ್ ಹಾಕುವುದು ಕಡ್ಡಾಯವಿಲ್ಲದಿರಬಹುದು, ಆದರೆ ಹಾಕಲೇಬೇಕು. ಪರದೇಶದಲ್ಲಿ ವೀಸಾದ ಮೇಲೆ ಇರುವವರಿಗೆ ಸರ್ಕಾರದ ಲಕೋಟೆ ತೆರೆಯುವಾಗ ಆಗುವ ಭಯ ಸಂಬಳದ ಲೆಕ್ಕ ಬರೆಯುವವರಿಗೆ ಅರ್ಥವಾಗಬೇಕು. ನೀವು ನಿಮ್ಮ ಪೇರೋಲ್ ವಿಭಾಗಕ್ಕೆ ಬರೆದು, ಮುಂದಿನ ಸಲ ಮುಂಚಿತವಾಗಿ ತಿಳಿಸಿ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಹಣ ಕಟ್ಟುವ ವಿಚಾರ. ಇಷ್ಟು ಸಣ್ಣ ಬಾಕಿಯನ್ನು, ನೀವು ಕೆಲಸದಲ್ಲಿ ಮುಂದುವರಿಯುತ್ತಿದ್ದರೆ, ಸಾಮಾನ್ಯವಾಗಿ ಟ್ಯಾಕ್ಸ್ ಕೋಡ್ ಮೂಲಕವೇ ವಸೂಲಿ ಮಾಡುತ್ತಾರೆ. 2023-24ರ ಬಾಕಿಗೆ 2025ರ ಏಪ್ರಿಲ್‌ನಿಂದ ಕೋಡ್ ಬದಲಾಗಿರುತ್ತದೆ: 1257ರ ಬದಲು 1160ರ ಆಸುಪಾಸಿನ ಸಂಖ್ಯೆ ಬಂದಿರುತ್ತದೆ. ಪ್ರತಿ ಸಂಬಳದಲ್ಲಿ ಸುಮಾರು 15 ಪೌಂಡ್ ಹೆಚ್ಚಿಗೆ ಹೋಗುತ್ತದೆ. ವರ್ಷ ಮುಗಿದ ಮೇಲೆ ಕೋಡ್ ಮತ್ತೆ ಸರಿಹೋಗಿದೆಯಾ ಎಂದು ತಪ್ಪದೆ ನೋಡಿ. ಅಷ್ಟರೊಳಗೆ ಕೆಲಸ ಬಿಟ್ಟು ಊರಿಗೆ ಹೊರಟರೆ ನೇರವಾಗಿ ಕಟ್ಟಿ ಎಂದು ಬೇರೆ ಪತ್ರ ಬರುತ್ತದೆ, ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ. ಹೊರಡುವ ಮುಂಚೆ ವಿಳಾಸ ಬದಲಾವಣೆ ಎಚ್‌ಎಂಆರ್‌ಸಿಗೆ ತಿಳಿಸಿಯೇ ಹೋಗಿ.

ಪತ್ರ ಅಸಲಿಯೇ ಎಂದು ಅನುಮಾನವಿದ್ದರೆ ಅದರಲ್ಲಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ನಿಮ್ಮ ಖಾತೆಗೆ ಹೋಗಿ ಅದೇ ಲೆಕ್ಕ ಅಲ್ಲಿದೆಯಾ ನೋಡಿ. ಎಸ್‌ಎಂಎಸ್‌ನಲ್ಲಿ ಲಿಂಕ್ ಬಂದರೆ ಮುಟ್ಟಲೇಬೇಡಿ.

ಬಾಕಿ 193ರ ಹತ್ತಿರ ಇಲ್ಲದೆ ಸಾವಿರ, ಎರಡು ಸಾವಿರ ಪೌಂಡ್ ಬಂದವರೂ ಇದನ್ನು ಓದುತ್ತಿರಬಹುದು. ನಿಮ್ಮದು ಬೇರೆ ಕಾರಣ. ನಮ್ಮವರಲ್ಲಿ ನಾನು ಹೆಚ್ಚು ನೋಡಿರುವುದು ಎರಡು ಕಡೆ ಕೆಲಸ ಮಾಡುವಾಗ ಎರಡೂ ಕಡೆ 1257ಎಲ್ ಕೋಡೇ ಇರುವುದು. 12,570ರ ವಿನಾಯಿತಿ ಒಬ್ಬರಿಗೆ ಒಂದೇ ಸಲ. ಎರಡನೇ ಕೆಲಸಕ್ಕೆ ಸಾಮಾನ್ಯವಾಗಿ ಬಿಆರ್ ಕೋಡ್ ಇರಬೇಕು, ಅಂದರೆ ವಿನಾಯಿತಿ ಇಲ್ಲದೆ ಪೂರ್ತಿ ಸಂಬಳದ ಮೇಲೆ ಶೇ. 20 ಹಿಡಿಯುವ ಕೋಡ್. ಇದು ಗೊತ್ತಾದ ದಿನವೇ ಎಚ್‌ಎಂಆರ್‌ಸಿಗೆ ತಿಳಿಸಿ, ತಡ ಮಾಡಿದಷ್ಟೂ ಬಾಕಿ ಬೆಳೆಯುತ್ತದೆ.

ವೀಸಾ: ತೊಂದರೆ ಆಗುವುದು ಆದಾಯ ಮುಚ್ಚಿಟ್ಟವರಿಗೆ, ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಇನ್ನೊಂದು ಲೆಕ್ಕ ತೋರಿಸಿದವರಿಗೆ. ನಿಮ್ಮ ಪ್ರತಿ ಸಂಬಳವನ್ನೂ ಕೊಟ್ಟ ದಿನವೇ ಅಥವಾ ಅದಕ್ಕೂ ಮುಂಚೆ ಕಂಪನಿ ಎಚ್‌ಎಂಆರ್‌ಸಿಗೆ ವರದಿ ಮಾಡಿದೆ, ಆ ವರದಿಯಿಂದಲೇ ಈ ಪತ್ರ ಹುಟ್ಟಿದೆ. ಇದು ದಂಡವೂ ಅಲ್ಲ. ಪಿ800, ಆ ವರ್ಷದ ಪಿ60, ಹದಿನಾಲ್ಕೂ ಪೇಸ್ಲಿಪ್ ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ, ಮುಂದೆ ಯಾರಾದರೂ ಕೇಳಿದರೆ ತೋರಿಸಲು ಇರುತ್ತದೆ.

ಇದೇ ಕೆಲಸದಲ್ಲಿ ಇದೇ ಸಂಬಳದ ಸುತ್ತಿನಲ್ಲಿದ್ದರೆ ನಿಮಗೆ ಇದು ಮತ್ತೆ ಬರಲು ಇಪ್ಪತ್ತು ವರ್ಷ ದಾಟಬೇಕು. ವಾರದ ಸಂಬಳದವರಿಗೆ ಐದಾರು ವರ್ಷಕ್ಕೊಮ್ಮೆ ಬರುತ್ತದೆ: ಸೋಮವಾರ ಸಂಬಳ ಇರುವವರಿಗೆ 2026-27ರಲ್ಲಿ, ಮಂಗಳವಾರ ಮತ್ತು ಬುಧವಾರದವರಿಗೆ 2027-28ರಲ್ಲಿ. ಮನೆಯಲ್ಲಿ ಜೊತೆಗಿರುವವರು ಯಾರಾದರೂ ಹಾಗಿದ್ದರೆ ಆ ವರ್ಷದ ಕೊನೆಯ ಸಂಬಳದಿಂದ 50 ಪೌಂಡ್ ಎತ್ತಿಡಲು ಈಗಲೇ ಹೇಳಿಡಿ.